ಹನ್ನೊಂದು ನಿಮಿಷದ ರೇಟು

ಮೊದಲ ಪುಟ

ಹೊಸ ಲೆಕ್ಕದ ಪುಸ್ತಕ ಹಿಡಿದಾಗ ಮೊದಲ ಪುಟ ಖಾಲಿ ಬಿಡುವುದು ನನ್ನ ರೂಢಿ. ವರ್ಷದ ಕೊನೆಗೆ ಮೊತ್ತ ಬರೆಯಲು ಬೇಕಾಗುತ್ತದೆ. ಈ ಸಲ ಫೆಬ್ರವರಿಯಲ್ಲೇ ತುಂಬಿಸುವ ಪ್ರಸಂಗ ಬಂತು.

ಲ್ಯಾಪ್‌ಟಾಪಿನ ಫ್ಯಾನಿನ ಧೂಳು ತೆಗೆಸಿದ್ದು 300. ವೈರಸ್ ತೆಗೆಸಿದ್ದು 250. ವೈರಸ್ ಇತ್ತೋ ಇಲ್ಲವೋ, ತೆಗೆದವನಿಗೇ ಗೊತ್ತು. ಅದರ ಕೆಳಗೆ ಇಡುವ ಗಾಳಿ ಸ್ಟ್ಯಾಂಡು 650. ಎಸ್‌ಎಸ್‌ಡಿ ಎಂಬ ಚೂರು 4,900. ಅದನ್ನು ಕೂರಿಸಿ, ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ತುಂಬಿದ ಕೂಲಿ 600. ಹೆಬ್ಬಳ್ಳಿಯ ಬೀರವ್ವನಿಗೆ ಒಂದು ಬ್ಲೌಸಿನ ಕೆಲಸದಲ್ಲಿ ಬಿಟ್ಟುಕೊಟ್ಟದ್ದು 1,500. ಅದೇ ಬ್ಲೌಸಿಗೆ ಎರಡನೇ ಸಲ ಸುರಿದ ದಾರ, ಜರಿ 380. ಆಟೊ, ಬಸ್ಸು 460. ಚಹಾದ ಖರ್ಚು ಬರೆದಿಲ್ಲ.

ಒಟ್ಟು 9,040 ರೂಪಾಯಿ.

ಮೊದಲ ದಿನವೇ ಹೂಂ ಅಂದಿದ್ದರೆ 3,200ಕ್ಕೆ ಮುಗಿಯುತ್ತಿತ್ತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗರಗದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಕಳೆಯುವ ಲೆಕ್ಕ ಬರುತ್ತದೆ.

ಜನವರಿ 7, ಬುಧವಾರ

ನಾಹಿದಾ ಇವತ್ತು ಬಾಯಿ ಬಿಟ್ಟು ಕೇಳಿದಳು. ಮಗ ಅರಫಾತನನ್ನು ಮದುವೆಯಾಗಿ ಮೂರು ವರ್ಷ; ಇಷ್ಟು ದಿನ ಒಂದು ದುಪಟ್ಟಾ ಕೂಡ ಬೇಕು ಅನ್ನದ ಸೊಸೆ. ಕೇಳಿದ್ದಾದರೂ ಏನು? ಹಾರ್ಡ್ ಡಿಸ್ಕ್!

"ಅಮ್ಮಿ, ಲ್ಯಾಪ್‌ಟಾಪಿಗೆ ಜಲ್ದಿ ಓಡೂ ಡಿಸ್ಕ್, ಎಸ್‌ಎಸ್‌ಡಿ ಅಂತಾರಲ್ಲ, ಒಂದು ಹಾಕಸೂಣ್ರಿ. ಯಲ್ಲೇಶಣ್ಣ ಮೂರು ಸಾವಿರದಾ ಎರಡನೂರು ಅಂದಾನ."

"ಈಗಿರೂದು ಕೆಟ್ಟೈತೇನು?"

"ಕೆಟ್ಟಿಲ್ಲರಿ. ನಿಧಾನ ಐತಿ."

ನಿಧಾನವಂತೆ. ಮೊಣಕಾಲು ಹಿಡಿದ ಮೇಲೆ ನಾನೂ ನಿಧಾನವಾಗಿದ್ದೇನೆ, ನನ್ನನ್ನೂ ಬಿಚ್ಚಿ ಬೇರೆ ಹಾಕಿಸುತ್ತಾಳೋ ಏನೋ.

ಬೆಳಿಗ್ಗೆ ಒತ್ತಿದರೆ ಆ ಲ್ಯಾಪ್‌ಟಾಪ್ ಏಳಲು ಹನ್ನೊಂದು ನಿಮಿಷ ಬೇಕಂತೆ. ಆಮೇಲೆ ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ತೆರೆಯಲು ಆರು ನಿಮಿಷ. ಅಷ್ಟರಲ್ಲಿ ಕಸ ಹೊಡೆಯಬಹುದು, ದಾರದ ಉಂಡೆ ಹೊಂದಿಸಬಹುದು, ಬೇಕಾದರೆ ಸುಮ್ಮನೆ ಕೂರಬಹುದು. ಸುಮ್ಮನೆ ಕೂರಲು ಯಾರಿಗೆ ದುಡ್ಡು ಬೀಳುತ್ತದೆ?

ಗಂಡ ಹೋದಾಗ ನನ್ನ ಹತ್ತಿರ ಇದ್ದದ್ದು ಒಂದು ಹೊಲಿಗೆ ಯಂತ್ರ. ಸೀರೆಗೆ ಫಾಲ್ ಹಚ್ಚಿದರೆ ಹತ್ತು ರೂಪಾಯಿ. ಆ ಹತ್ತು ಹತ್ತರಿಂದಲೇ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆಗೆ ಅಂಟಿದ ಈ ಅಂಗಡಿ, ಐದೂವರೆ ಲಕ್ಷದ ಎಂಬ್ರಾಯ್ಡರಿ ಮಷಿನ್ ಬಂದವು. ಸಾಲ ಹೋದ ದೀಪಾವಳಿಗೆ ತೀರಿತು. ನಾಹಿದಾ ಮಾಡುವುದಿಷ್ಟೇ: ಲ್ಯಾಪ್‌ಟಾಪಿನಲ್ಲಿ ಡಿಸೈನ್ ಬಿಡಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾಳೆ. ಅದನ್ನು ಚುಚ್ಚಿದರೆ ಹೊಲಿಯುವುದು ಮಷಿನ್. ಹನ್ನೆರಡು ಸೂಜಿ ಓಡುವುದು ಅಲ್ಲಿ, ನಿಧಾನದ ದೂರು ಇಲ್ಲಿ.

ಮೇಲಾಗಿ ಲ್ಯಾಪ್‌ಟಾಪ್ ಅವಳದೇ. ಬಿ.ಕಾಂ. ಓದುವಾಗ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ತವರಿನಿಂದ ಬರುವಾಗ ತಂದದ್ದು. ಅವಳ ಯಂತ್ರಕ್ಕೆ ನನ್ನ ದುಡ್ಡು ಯಾಕೆ?

ಇಲ್ಲ ಎಂದೆ. ಆಯ್ತರಿ ಎಂದಳು. ಈ "ಆಯ್ತರಿ" ನನಗೆ ಸೇರುವುದಿಲ್ಲ.

ಜನವರಿ 9, ಶುಕ್ರವಾರ

ಹಾಗಂತ ವಿಚಾರಿಸದೇ ಬಿಡುವವಳಲ್ಲ ನಾನು. ಕಂಪ್ಯೂಟರ್ ರಿಪೇರಿಯ ಯಲ್ಲೇಶನ ಅಂಗಡಿಗೆ ಹೋದೆ. ಆ ಚೂರನ್ನು ಕೈಗೆ ಕೊಟ್ಟ. ಅಂಗೈಯಷ್ಟು ಅಗಲ, ಕಟಕ ರೊಟ್ಟಿಯಷ್ಟು ಹಗುರ. ಅಲ್ಲಾಡಿಸಿ ನೋಡಿದರೆ ಒಳಗೆ ಏನೂ ಇಲ್ಲ.

"ಅಲ್ಲಾಡಸಬ್ಯಾಡ್ರಿ ಅಕ್ಕಾರ. ಮೂರು ಸಾವಿರದಾ ನಾಕನೂರು."

"ಮೊನ್ನೆ ನಮ್ಮ ಹುಡಿಗಿಗೆ ಎರಡನೂರು ಅಂದಿದ್ದಿ."

"ಅದು ಮೊನ್ನೆರಿ. ದಿನಾ ಏರಾಕತ್ತೈತಿ. ಎಐ ಕಂಪನಿಯವರು ಎಲ್ಲಾ ಚಿಪ್ಪು ಎತಗೊಂಡು ಹೊಂಟಾರಂತ."

"ಅವರಿಗೂ ಕೇಶ್ವಾಪುರಕ್ಕೂ ಏನಪಾ ಸಂಬಂಧ?"

"ಬಂಗಾರ ಏರಿದ್ರ ಸುಮ್ಮನ ಕೊಟ್ಟು ಬರತೀರಿ. ಇದಕ್ಕ ಯಾಕ ಜಗಳಾ ತಗೀತೀರಿ?"

"ಬಂಗಾರ ಹಾಕ್ಕೊಂಡು ಮದಿವಿಗೆ ಹೋಗಬಹುದು. ಇದನ್ನ ಎಲ್ಲಿ ಹಾಕ್ಕೊಳ್ಳಲಿ, ಮೂಗಿಗೇನು?"

ನಕ್ಕ. ನಕ್ಕರೂ ಎರಡು ರೂಪಾಯಿ ಬಿಡಲಿಲ್ಲ. ಧೂಳು ತೆಗೆದು ವೈರಸ್ ಹೊಡೆದರೆ ಸ್ವಲ್ಪ ಹಗುರಾಗಬಹುದು ಎಂದ. 300 ಮತ್ತು 250. ಮೂರು ಸಾವಿರ ಎಲ್ಲಿ, ಐನೂರೈವತ್ತು ಎಲ್ಲಿ. ಮಾಡು ಎಂದೆ.

ಸಂಜೆ ಗಡಿಯಾರ ಹಿಡಿದು ಕೂತೆ. ಹತ್ತು ನಿಮಿಷ, ಐವತ್ತು ಸೆಕೆಂಡು. ಐನೂರೈವತ್ತಕ್ಕೆ ಹತ್ತು ಸೆಕೆಂಡು ಕೊಂಡಂತಾಯಿತು.

ಜನವರಿ 13, ಮಂಗಳವಾರ

ಕೆಳಗಿನಿಂದ ಗಾಳಿ ಆಡಿದರೆ ಲ್ಯಾಪ್‌ಟಾಪ್ ಚುರುಕಾಗುತ್ತದೆ ಎಂದು ಯಲ್ಲೇಶ ಒಂದು ಸ್ಟ್ಯಾಂಡು ಹಚ್ಚಿದ. 650. ಗಾಳಿಯೇನೋ ಬರುತ್ತದೆ. ನಾಹಿದಾಳ ದುಪಟ್ಟಾ ಹಾರುತ್ತದೆ. ಲ್ಯಾಪ್‌ಟಾಪ್ ತನ್ನ ಪಾಡಿಗೆ ಹನ್ನೊಂದು ನಿಮಿಷ ತಗೊಳ್ಳುತ್ತದೆ.

ಮಧ್ಯಾಹ್ನ ಧಾರವಾಡದ ಬುಟಿಕ್ ಒಂದರ ಮಾಲಕಿ ಬಂದಿದ್ದಳು. ತೂಗುಹಾಕಿದ್ದ ತೋಳಿನ ಕೆಲಸವನ್ನು ಮುಟ್ಟಿ, ತಿರುವಿ, ಹಿಂದಿನ ಗಂಟೂ ನೋಡಿದಳು. ಕಸುಬು ಗೊತ್ತಿದ್ದವಳು.

"ಯಾರು ತಗದಾರ್ರಿ ಇದನ್ನ?"

"ನಮ್ಮ ಮಷಿನ್ ಅಂಥಾದೈತ್ರಿ," ಎಂದೆ.

ನಾಹಿದಾ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಮಾತು ಕೇಳಿಸಿತೋ ಏನೋ, ತಟ್ಟುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಮಾಲಕಿ ಒಂದು ಕಾರ್ಡು ಇಟ್ಟು ಹೋದಳು. ಎಲ್ಲಿಟ್ಟೆನೋ, ಸಂಜೆ ಹುಡುಕಿದರೆ ಇರಲಿಲ್ಲ.

ಜನವರಿ 17

ಆ ಚೂರು ಇಂದು 3,900. ಕೇಳಿದ್ದಕ್ಕಷ್ಟೇ ಏರಿತೇನೋ ಎಂಬಂತೆ. ಇನ್ನು ಕೇಳುವುದಿಲ್ಲ.

ಜನವರಿ 21, ಬುಧವಾರ

ಹೆಬ್ಬಳ್ಳಿಯಿಂದ ಬೀರವ್ವ ಬಂದಿದ್ದಳು. ಮಗಳು ಕಾವೇರಿಯ ಮದುವೆ ಫೆಬ್ರವರಿ 6ಕ್ಕೆ. ಇಳಕಲ್ ಸೀರೆಯ ಜೊತೆಗೆ ಬಂದ ಬ್ಲೌಸಿನ ರೇಷ್ಮೆ ಕಣವನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಇದು ಹಾಳಾದರೆ ಇನ್ನೊಂದಿಲ್ಲ ಎಂಬುದು ಹಿಡಿದ ರೀತಿಯಲ್ಲೇ ತಿಳಿಯಿತು.

"ಬಲಗೈ ತೋಳಿನ ಮ್ಯಾಲ ಗಂಡಿನ ಹೆಸರು ಬರಬೇಕಂತವಾ. ಬೀರಲಿಂಗ ಅಂತ. ಇಂಗ್ಲಿಷ್‌ನ್ಯಾಗ ಬೇಕಂತ."

"ಕನ್ನಡದಾಗ ಚಂದ ಕಾಣತೈತ್ರಿ ಅಕ್ಕಾರ."

"ನಂಗ ಗೊತ್ತಿಲ್ಲೇನು? ಈಗಿನವರಿಗೆ ಹೇಳು ಹೋಗು. ನಮ್ಮ ಕಾಲಕ್ಕ ಗಂಡನ ಹೆಸರು ಬಾಯಿಲೆ ಹೇಳತಿದ್ದಿಲ್ಲ, ಇವರು ತೋಳಿಗೆ ಬೋರ್ಡು ಹಾಕ್ಕೊಂತಾರ."

ಈ ಸೀಸನ್ನಿನಲ್ಲಿ ಇದು ಒಂಬತ್ತನೆಯ ಗಂಡಿನ ಹೆಸರು. ರೇಟು 1,500. ಹೆಸರು ಓದಲು ಬರದಿದ್ದರೂ ನನಗೇನೂ ಅಡ್ಡಿಯಾಗಿಲ್ಲ. ನನಗೆ ಕನ್ನಡ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ದುಡ್ಡಿಗೆ ಅಷ್ಟು ಸಾಕು.

ಜನವರಿ 24, ಶನಿವಾರ

ಇವತ್ತು ಮಷಿನ್ ನಾನೇ ಓಡಿಸಿದೆ. ಹನ್ನೊಂದಕ್ಕೆ ಕರೆಂಟ್ ತೆಗೆಯುತ್ತಾರೆ, ಮತ್ತೆ ಬರುವುದು ನಾಲ್ಕಕ್ಕೆ ಎಂದು ಮೊಬೈಲಿಗೆ ಬಂದಿತ್ತು. ಹನ್ನೆರಡಕ್ಕೆ ಬೀರವ್ವ ಬರುವವಳು. ನಾಹಿದಾ ಬೀರಲಿಂಗನ ಹೆಸರಿನ ಡಿಸೈನ್ ಮುಗಿಸಿ, ಪೆನ್‌ಡ್ರೈವಿಗೆ ಹಾಕಲು ಬಿಟ್ಟು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಬರಲು ಹೊರಟಳು.

"ಗೋಲ ತಿರಗೂದು ನಿಂತ ಮ್ಯಾಲ ತೆಗೀರಿ ಅಮ್ಮಿ. ಇಲ್ಲಾಂದ್ರ ತಡೀರಿ, ನಾ ಬಂದು ಹಚ್ಚತೇನಿ."

ತಡೆದೆ. ಹತ್ತು ಗಂಟೆ ಇಪ್ಪತ್ತು ನಿಮಿಷದವರೆಗೆ ತಡೆದೆ. ಪರದೆಯ ಮೇಲಿನ ಗೋಲ ತಿರುಗುತ್ತಲೇ ಇತ್ತು, ಗಾಣದ ಎತ್ತಿನ ಹಾಗೆ. ಅದು ಯಾವಾಗ ನಿಲ್ಲುವುದು, ಕರೆಂಟ್ ಯಾವಾಗ ಹೋಗುವುದು? ಕಿತ್ತು ತಂದು ಮಷಿನ್ನಿಗೆ ಚುಚ್ಚಿದೆ. ಮಷಿನ್ನಿನ ಪರದೆಯಲ್ಲಿ ಒಂದು ಹೆಸರು ಬಂತು. ಒತ್ತಿದೆ. ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಜರಿ ಎಲ್ಲೂ ಕಡಿಯಲಿಲ್ಲ. ಇಷ್ಟೇ ಕೆಲಸಕ್ಕೆ ಬಿ.ಕಾಂ. ಬೇಕೇ?

ಬೀರವ್ವ ಹೇಳಿದ್ದಕ್ಕಿಂತ ಮೊದಲೇ ಬಂದಳು. ಇಬ್ಬರೂ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದೆವು.

"ಭಾಳ ಚಂದ ಬಂದೈತಿ ಬಿಡವಾ. ಅಕ್ಷರ ಎಷ್ಟು ದುಂಡಗದಾವ."

"ಕೈ ಯಾರದು ಮತ್ತ?" ಎಂದೆ.

ನಾಹಿದಾ ಬರುವಷ್ಟರಲ್ಲಿ ಬೀರವ್ವ ಬಸ್ ಹತ್ತಿಯಾಗಿತ್ತು. ಗೋಲ ನಿಂತಿತ್ತೇನ್ರಿ ಎಂದು ಕೇಳಿದಳು. ನಿಂತಿತ್ತು ಎಂದೆ.

ಜನವರಿ 27, ಮಂಗಳವಾರ

ಇಂಥ ದಿನ ವೈರಿಗೂ ಬೇಡ.

ಒಂಬತ್ತೂವರೆಗೆ ಬೀರವ್ವ ಬಾಗಿಲಲ್ಲಿ. ಚಪ್ಪಲಿ ಬಿಚ್ಚಲಿಲ್ಲ. ಬ್ಲೌಸಿನ ಕಣವನ್ನು ಕೌಂಟರಿನ ಮೇಲೆ ಎಸೆದಳು.

"ಯಾರವಾ ಈ ಯಮನಪ್ಪ?"

"ಯಾವ ಯಮನಪ್ಪರಿ?"

"ನನ್ನ ಮಗಳ ತೋಳಿನ ಮ್ಯಾಲ ಕುಂತಾನಲ್ಲ, ಆ ಯಮನಪ್ಪ! ಕಾವೇರಿ ಓದಿ ಹೇಳಿದಳು. ಓದಿ, ಆ ಮ್ಯಾಲ ಅಳಾಕ ಹತ್ತಿದಾಕಿ ಇನ್ನಾ ನಿಂತಿಲ್ಲ. ನಮ್ಮ ಓಣ್ಯಾಗ ಒಬ್ಬ ಯಮನಪ್ಪ ಅದಾನ, ಎಪ್ಪತ್ತು ವರ್ಷದ ಮುದುಕ, ದಿನಾ ಕಟ್ಟಿ ಮ್ಯಾಲ ಕುಂತು ಬೀಡಿ ಸೇದತಾನ. ಅವಗ ಕೊಡಲೇನು ನನ್ನ ಮಗಳನ್ನ?"

ಯಮನಪ್ಪ ಹಿಂದಿನ ವಾರದ ಇನ್ನೊಂದು ಮದುವೆಯ ಗಂಡು. ಅವನ ಹೆಸರು ಬೀರವ್ವನ ಕಣದ ಮೇಲೆ ಹೇಗೆ ಬಂತು? ನಾಹಿದಾ ಬಂದು ಬ್ಲೌಸ್ ನೋಡಿ ಬೆಳ್ಳಗಾದಳು.

"ನೀವು ಅವತ್ತ ನೋಡಲಿಲ್ಲೇನ್ರಿ?" ಎಂದು ಬೀರವ್ವನನ್ನು ಕೇಳಿಬಿಟ್ಟೆ.

"ಏನ ನೋಡಲಿ? ನಂಗೂ ಇಂಗ್ಲಿಷ್ ಬರಂಗಿಲ್ಲ, ನಿಂಗೂ ಬರಂಗಿಲ್ಲ. ಇಬ್ಬರೂ ಕೂಡಿ ದುಂಡಗೈತಿ ಅಂದಿವಿ!"

ರಸ್ತೆಯಲ್ಲಿ ಜನ ನಿಂತಿದ್ದರು. ಅಂಗಡಿಯ ಹೆಸರು ಉಳಿಯಬೇಕಲ್ಲ. ನಾಹಿದಾಳ ಕಡೆ ತಿರುಗಿ, ಡಿಸೈನ್ ಹಾಕಿದಾಕಿ ನೀನು, ಕಣ್ಣು ಎಲ್ಲಿಟ್ಟಿದ್ದಿ, ಕಲಿತಾಕಿ ಅಂತ ಕೂಡ್ರಿಸಿದರ ನಡು ಓಣ್ಯಾಗ ಮಾನ ಕಳದಿ ಎಂದೆ. ಇನ್ನೂ ಒಂದೆರಡು ಎಂದೆ. ಬರೆಯುವುದಿಲ್ಲ.

ಅವಳು ಬ್ಲೌಸನ್ನು ಮಡಚಿಟ್ಟು ಒಳಗೆ ಹೋದಳು. ಬೀರವ್ವನಿಗೆ 1,500 ಬಿಟ್ಟೆ, ಐದನೇ ತಾರೀಖಿನೊಳಗೆ ಸರಿ ಮಾಡಿ ಕೊಡುತ್ತೇನೆಂದು ಮಾತು ಕೊಟ್ಟೆ. ಹೇಗೆ ಸರಿ ಮಾಡುವುದು ಎಂದು ಗೊತ್ತಿಲ್ಲ. ರೇಷ್ಮೆಯಲ್ಲಿ ಹೊಲಿಗೆ ಬಿಚ್ಚಿದರೆ ತೂತು ಉಳಿಯುತ್ತವೆ.

ಜನವರಿ 28

ನಾಹಿದಾ ಅಂಗಡಿಗೆ ಬರಲಿಲ್ಲ. ರೊಟ್ಟಿ ಮಾಡಿದಳು, ಬಟ್ಟೆ ಒಗೆದಳು, ನನಗೆ ಚಹಾ ಕೊಟ್ಟಳು, ಅಮ್ಮಿ ಎಂದೇ ಕರೆದಳು. ಅಂಗಡಿಯ ಬಾಗಿಲು ಮಾತ್ರ ದಾಟಲಿಲ್ಲ. ಬೈದರೆ ತಿರುಗಿ ಬೈಯುವವರನ್ನು ನಾನು ನಿಭಾಯಿಸಬಲ್ಲೆ. ಇದು ಯಾವ ನಮೂನೆ?

ಜನವರಿ 30, ಶುಕ್ರವಾರ

ಮಷಿನ್ ಮೂರು ದಿನದಿಂದ ನಿಂತಿದೆ. ಅರಫಾತ ಗ್ಯಾರೇಜಿನಿಂದ ಊಟಕ್ಕೆ ಬಂದವನು ತಟ್ಟೆ ನೋಡುತ್ತ ಹೇಳಿದ.

"ಅಮ್ಮಿ, ಧಾರವಾಡದ ಬುಟಿಕ್‌ನಾಕಿ ನಾಹಿದಾಗ ಫೋನ್ ಮಾಡಿದ್ದಳು. ತಿಂಗಳಿಗೆ ಹದಿನಾಲ್ಕು ಸಾವಿರ ಕೊಡತಾರಂತ. ಹನ್ನೊಂದನೇ ತಾರೀಖಿಗೆ ಬಂದು ಹೂಂ ಅನ್ನು ಅಂದಾರ."

"ನೀ ಏನಂದಿ?"

"ನಾ ಏನ ಅನಲಿ? ಹೋಗಾಕಿ ಆಕಿ. ಇಲ್ಲಿ ಆಕಿಗೆ ಎಷ್ಟು ಕೊಡತಿದ್ದಿ?"

ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಪ್ರಶ್ನೆ ಇದು! ಮನೆಯ ಸೊಸೆಗೆ ಪಗಾರ ಕೊಡುತ್ತಾರೇನು? ಉಣ್ಣುವುದು ಒಂದೇ ಪಾತ್ರೆಯಿಂದ. ಗಳಿಸಿದ್ದೆಲ್ಲ ನಾಳೆ ಅವರದೇ. ಆ ಕಾರ್ಡು ಎಲ್ಲಿ ಹೋಯಿತೆಂದೂ ಈಗ ಗೊತ್ತಾಯಿತು.

ರಂಜಾನ್ ಹತ್ತೊಂಬತ್ತರ ಸುಮಾರಿಗೆ ಶುರುವಾಗುತ್ತದೆ. ಈದ್‌ಗೆ ಮುಂಚಿನ ನಾಲ್ಕು ವಾರದಲ್ಲಿ ನನ್ನ ಅರ್ಧ ವರ್ಷದ ದುಡಿಮೆ. ನಾಹಿದಾ ಇಲ್ಲದಿದ್ದರೆ ಐದೂವರೆ ಲಕ್ಷದ ಮಷಿನ್ ಮೇಲೆ ಬಟ್ಟೆ ಒಣಹಾಕಬೇಕು.

ಫೆಬ್ರವರಿ 1, ಭಾನುವಾರ

ಬೇರೆ ದಾರಿಯಿಲ್ಲದೆ ಲ್ಯಾಪ್‌ಟಾಪ್ ಮುಂದೆ ನಾನೇ ಕೂತೆ. ಒತ್ತಿದೆ. ಕಪ್ಪು. ಕಪ್ಪಿನಲ್ಲಿ ಗೋಲ. ಎದ್ದು ನೀರು ಕುಡಿದು ಬಂದೆ, ಗೋಲ. ಮೊದಲ ಐದು ನಿಮಿಷ ಮನುಷ್ಯಳು ತಡೆಯಬಹುದು. ಆರನೆಯದರಿಂದ ಮೈ ಉರಿಯುತ್ತದೆ. ಎದ್ದು ಹೋದರೆ ಅಷ್ಟರಲ್ಲಿ ತೆರೆದರೆ ಎಂಬ ಚಿಂತೆ. ಕೂತರೆ ಕೈಗೆ ಕೆಲಸವಿಲ್ಲ. ಇದರ ಮುಂದೆ ಮೂರು ವರ್ಷ ಒಬ್ಬಳು ದಿನಾ ಕೂತಿದ್ದಾಳೆ, ಒಂದು ದಿನವೂ ಇದನ್ನು ಎತ್ತಿ ಒಗೆದಿಲ್ಲ.

ಡಿಸೈನಿನ ಹೆಸರೆಲ್ಲ ಇಂಗ್ಲಿಷ್. ಪಕ್ಕದ ಗೋಡೆಗೆ ನಾಹಿದಾ ಒಂದು ಪಟ್ಟಿ ಅಂಟಿಸಿದ್ದಾಳೆ: ಒಂದು ಕಡೆ ಇಂಗ್ಲಿಷ್, ಎದುರಿಗೆ ಕನ್ನಡ. ನನಗಾಗಿಯೇ ಬರೆದದ್ದಿರಬೇಕು. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿ ನೋಡುತ್ತ ಪೆನ್‌ಡ್ರೈವಿನ ಒಳಗೆ ಹುಡುಕಿದೆ. ಎರಡು ಹೊಟ್ಟೆಯ ಅಕ್ಷರ ಬೀರಲಿಂಗನದು. ಕವಲೊಡೆದ ಕವಣೆಯಂಥ ಅಕ್ಷರ ಯಮನಪ್ಪನದು. ಪೆನ್‌ಡ್ರೈವಿನಲ್ಲಿ ಕವಣೆ ಇದೆ, ಎರಡು ಹೊಟ್ಟೆಯದು ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಇದೆ. ಪೂರ್ತಿ, ಸರಿಯಾಗಿ, 24ನೇ ತಾರೀಖಿನದು.

ಗೋಲ ನಿಲ್ಲುವ ಮೊದಲೇ ಪೆನ್‌ಡ್ರೈವ್ ತೆಗೆದರೆ ಹೀಗಾಗುತ್ತದೆ: ಹೊಸದು ಬರುವುದಿಲ್ಲ, ಹಳೆಯದೇ ಉಳಿಯುತ್ತದೆ. ಯಾರು ತೆಗೆದರು ಎಂಬುದನ್ನು ಮತ್ತೆ ಬರೆಯುವ ಅಗತ್ಯ ಕಾಣುವುದಿಲ್ಲ. ಪುಸ್ತಕ ನನ್ನದು.

ಫೆಬ್ರವರಿ 2, ಸೋಮವಾರ

4,900.

"ಮೊದಲ ಹೇಳಿದ್ನೆಲ್ಲರಿ," ಎಂದ ಯಲ್ಲೇಶ.

"ಮೊದಲ ಹೇಳಿದ್ದು ಮೂರು ಸಾವಿರದಾ ಎರಡನೂರು. ಹದಿನೇಳನೂರು ನಿನ್ನ ನೋಡಿ ನಗಾಕ ಕೊಡಲೇನು?"

"ನಾಳಿಗೆ ಬಂದ್ರ ಐದಾಗತೈತ್ರಿ ಅಕ್ಕಾರ."

ಹಗಲು ದರೋಡೆ. ಹಾಕು ಎಂದೆ. ಕೂಲಿ ಬೇರೆ 600. ಹಳೆಯದರಲ್ಲಿದ್ದ ಮುನ್ನೂರ ನಲವತ್ತು ಡಿಸೈನು ಹೊಸದಕ್ಕೆ ಹೋಗಲು ಐದು ತಾಸು ಹಿಡಿಯಿತು. ಮುನ್ನೂರ ನಲವತ್ತು! ಅಷ್ಟು ಇದ್ದವೆಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ತಂದು ಒತ್ತಿದೆ. ಹದಿನಾಲ್ಕು ಸೆಕೆಂಡು. ತಪ್ಪಿರಬೇಕೆಂದು ಆರಿಸಿ ಮತ್ತೆ ಒತ್ತಿದೆ. ಹದಿನಾಲ್ಕೇ. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಇಷ್ಟು ಬೇಗ ಆಗುವ ಕೆಲಸವಾಗಿದ್ದರೆ ಇಷ್ಟು ವರ್ಷ ಆ ಹನ್ನೊಂದು ನಿಮಿಷ ಯಾರ ಅಪ್ಪನ ಮನೆಗೆ ಹೋದವು?

ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೇಳಿದೆ: "ಹಾಕಸೇನಿ."

ನಾಹಿದಾ ಹಿಟ್ಟಿನ ಕೈ ತೊಳೆದಳು. "ಬೀರವ್ವಾರ ಮಗಳ ಸಲುವಾಗಿ ಬರತೇನ್ರಿ. ಆದ್ರ ಹನ್ನೊಂದಕ್ಕ ಧಾರವಾಡಕ್ಕ ಹೋಗಾಕಿ ನಾ. ಮೊದಲ ಹೇಳತೇನಿ."

ಫೆಬ್ರವರಿ 5, ಗುರುವಾರ

ಎರಡು ದಿನ ಬರೆಯಲು ಆಗಲಿಲ್ಲ. ಯಮನಪ್ಪನನ್ನು ಕಿತ್ತುಹಾಕಲು ಇಬ್ಬರಿಗೂ ಒಂದು ಇಡೀ ದಿನ ಬೇಕಾಯಿತು. ಸೂಜಿಯ ತುದಿಯಿಂದ ಒಂದೊಂದೇ ಎಳೆ. ಅವಳು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ತೂತುಗಳು ಉಳಿದವು, ನಾನು ಹೇಳಿದ್ದಂತೆಯೇ.

ನಾಹಿದಾ ಕಸೂತಿಯ ಗೋಪುರ ಬಿಡಿಸಿದಳು. ಒಂದೂ ತೂತು ಕಾಣದಷ್ಟು ಒತ್ತಾಗಿ, ಆದರೆ ರೇಷ್ಮೆ ಸುಕ್ಕಾಗದಷ್ಟು ಹಗುರಾಗಿ. ಹಳೆಯ ಬಟ್ಟೆಯ ಮೇಲೆ ಹೊಲಿದು ನೋಡುವುದು, ಕೂಡದಿದ್ದರೆ ತಿದ್ದುವುದು. ಹನ್ನೆರಡು ಸಲ ತಿದ್ದಿದಳು. ಹಳೆಯ ಡಿಸ್ಕಿನಲ್ಲಾಗಿದ್ದರೆ ನಾಲ್ಕನೆಯ ಸಲಕ್ಕೇ ಮದುವೆ ಮುಗಿದಿರುತ್ತಿತ್ತು. ಒಂದು ತೋಳಿಗೆ ಗೋಪುರ ಬಂದರೆ ಇನ್ನೊಂದು ಬೋಳಾಗಿ ಕಾಣುತ್ತದೆಂದು ಎರಡಕ್ಕೂ ಹಾಕಿದಳು. ಗೋಪುರದ ಕೆಳಗೆ ಸಣ್ಣಗೆ ಬೀರಲಿಂಗನ ಹೆಸರು. ಮಷಿನ್ ಒತ್ತುವ ಮೊದಲು ಎರಡು ಹೊಟ್ಟೆಯ ಅಕ್ಷರದಿಂದ ಹಿಡಿದು ಕೊನೆಯವರೆಗೆ ನಾನೇ ಓದಿದೆ.

ಬೀರವ್ವ ಮಗಳನ್ನೇ ಕರೆದುಕೊಂಡು ಬಂದಿದ್ದಳು. "ಈ ಸಲ ಓದಾಕ ಬರಾಕಿನ್ನ ಕರಕೊಂಡು ಬಂದೇನಿ," ಎಂದಳು. ಕಾವೇರಿ ಓದಿದಳು. ಆಮೇಲೆ ಗೋಪುರದ ಮೇಲೆ ಕೈಯಾಡಿಸಿ, ಇದನ್ನ ಯಾರು ತಗದಾರ ಎಂದು ಕೇಳಿದಳು.

"ಈಕಿ. ನಮ್ಮ ನಾಹಿದಾ," ಎಂದೆ.

ಫೆಬ್ರವರಿ 8, ಭಾನುವಾರ

ಗಾಳಿ ಸ್ಟ್ಯಾಂಡನ್ನು ಅಟ್ಟಕ್ಕೆ ಹಾಕಲು ಎತ್ತಿದರೆ ಅದರ ಅಡಿಯಲ್ಲಿ ಒಂದು ಸಣ್ಣ ನೋಟ್‌ಬುಕ್. ನಾಹಿದಾಳ ಅಕ್ಷರ. ಜನವರಿ 7ರಿಂದ ಹದಿನೈದು ಕೆಲಸದ ದಿನ, ದಿನದಿನದ ಲೆಕ್ಕ: ಆನ್ ಆಗಲು 11, ಸಾಫ್ಟ್‌ವೇರ್ 6, ಸೇವ್ 4, ಸೇವ್ 5, ಹ್ಯಾಂಗ್ 17. ಪ್ರತಿ ಪುಟದ ಕೆಳಗೆ ಗೆರೆ ಎಳೆದು ಮೊತ್ತ. ನನ್ನ ಪುಸ್ತಕದಲ್ಲಿ ನಾನು ಎಳೆಯುವ ಹಾಗೆಯೇ ಎರಡು ಗೆರೆ.

ನನ್ನ ಮನೆಯಲ್ಲಿ ಕೂತು ನನ್ನ ಮೇಲೆಯೇ ಲೆಕ್ಕ! ತಪ್ಪು ಹಿಡಿಯಲೇಬೇಕೆಂದು ಕೂಡಿಸಿದೆ. 1,440 ನಿಮಿಷ. ಇಪ್ಪತ್ನಾಲ್ಕು ತಾಸು. ಮೂರು ಸಲ ಕೂಡಿಸಿದರೂ ಅಷ್ಟೇ. ಒಂದು ಡಿಸೈನಿಗೆ ಎರಡು ತಾಸು ಹಿಡಿದರೆ ಹನ್ನೆರಡು ಡಿಸೈನು ಗೋಲದ ಪಾಲಾಗಿವೆ. ಡಿಸೈನ್ ಮಾಡಿ ಮಾರುವ ಸೂರತ್‌ನವರು ಒಂದಕ್ಕೆ ನಾನೂರು ಹೇಳುತ್ತಾರೆ. 4,800. ಹದಿನೈದು ದಿನದಲ್ಲಿ ಚೂರಿನ ದುಡ್ಡು ಎದ್ದಿರುತ್ತಿತ್ತು.

ಲೆಕ್ಕ ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡುವುದು ನನ್ನಿಂದಾಗದು. ದಿನಕ್ಕೆ ಎರಡು ಡಿಸೈನು, ತಿಂಗಳಿಗೆ ಇಪ್ಪತ್ತಾರು ದಿನ, ನಾನೂರರ ದರ. 20,800.

ಇಪ್ಪತ್ತು ಸಾವಿರದ ಎಂಟುನೂರರ ಕೈಗೆ ಆ ಧಾರವಾಡದವಳು ಹದಿನಾಲ್ಕು ಸಾವಿರ ಹೇಳುತ್ತಾಳೆ! ಏನೆಂದುಕೊಂಡಿದ್ದಾಳೆ? ಹುಬ್ಬಳ್ಳಿಯವರಿಗೆ ಗುಣಾಕಾರ ಬರುವುದಿಲ್ಲವೆಂದೇ? ಮಧ್ಯಾಹ್ನದ ಊಟ ಸೇರಲಿಲ್ಲ.

"ಹನ್ನೊಂದಕ್ಕ ನಾನೂ ಬರತೇನಿ," ಎಂದೆ ನಾಹಿದಾಗೆ.

"ಯಾಕ್ರಿ, ಬ್ಯಾಡ ಅನ್ನಾಕ?"

"ರೇಟ ಮಾತಾಡಾಕ. ನೀ ಹದಿನಾಲ್ಕಕ್ಕ ಹೂಂ ಅಂದಿ ಅಂದ್ರ ನನ್ನ ಮಾರಿ ಎಲ್ಲಿ ಇಟಗೊಳ್ಳಲಿ?"

ಫೆಬ್ರವರಿ 11, ಬುಧವಾರ

ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನಲ್ಲಿ ಹೋದೆವು. ಬುಟಿಕ್‌ನಲ್ಲಿ ಎಸಿ, ಗಾಜಿನ ಲೋಟದಲ್ಲಿ ನೀರು, ಬೆಣ್ಣೆಯಂಥ ಮಾತು.

"ಅತ್ತಿಯವರನ್ನೂ ಕರಕೊಂಡು ಬಂದೀರಿ, ಭಾಳ ಛಲೋ ಆತು. ಚಹಾ ತಗೋತೀರಲ್ಲ?"

"ಚಹಾ ಆಮ್ಯಾಲ್ರಿ ಬಾಯಾರ. ಹದಿನಾಲ್ಕು ಸಾವಿರ ಯಾವ ಲೆಕ್ಕದಾಗ ಬಂತು ಹೇಳ್ರಿ."

"ಮಾರ್ಕೆಟ್ಟಿನೊಳಗ ಅದ ನಡದದರಿ."

"ಯಾವ ಮಾರ್ಕೆಟ್ಟು? ಸೂರತ್‌ನವರು ಡಿಸೈನಿಗೆ ನಾಕನೂರು ತಗೋತಾರ, ಅವರಿಗೆ ಗೋಪುರ ಬರಂಗಿಲ್ಲ. ಪಗಾರ ಬ್ಯಾಡ. ಡಿಸೈನಿಗಿಷ್ಟು ಅಂತ ಮಾತಾಡ್ರಿ. ಈಕಿ ತನ್ನ ಲ್ಯಾಪ್‌ಟಾಪಿನ್ಯಾಗ ಕೇಶ್ವಾಪುರದಾಗ ಕುಂತು ತೆಗೀತಾಳ. ಆರನೂರು."

ಮಾಲಕಿ ನಕ್ಕಳು. ಮುನ್ನೂರು ಎಂದಳು. ಆಮೇಲೆ ದನಿ ಇನ್ನಷ್ಟು ಮೆತ್ತಗೆ ಮಾಡಿದಳು. "ತಪ್ಪು ತಿಳೀಬ್ಯಾಡ್ರಿ. ಯಾವುದೋ ಮದುಮಗಳ ಜಂಪರಿನ ಮ್ಯಾಲ ಬ್ಯಾರೆ ಗಂಡಿನ ಹೆಸರು ಬಂದಿತ್ತಂತ, ನಿಮ್ಮ ಅಂಗಡಿಯೊಳಗ ಅಂತ ಕೇಳೇನಿ. ಅಂಥಾದ್ದು ಇಲ್ಲಾದ್ರ ನಮ್ಮ ಹೆಸರು ಹೋಗತದ. ಅದನ್ನೂ ನಾವು ನೋಡಬೇಕಲ್ಲ?"

ನಾಹಿದಾ ನೆಲ ನೋಡುತ್ತ ಕೂತಿದ್ದಳು. ಅವಳು ಏನೂ ಹೇಳುವವಳಲ್ಲ. ಹೇಳದಿದ್ದರೆ ಮುನ್ನೂರಕ್ಕೇ ನಿಲ್ಲುತ್ತದೆ.

"ಅದು ಈಕಿ ತಪ್ಪಲ್ಲ," ಎಂದೆ. "ಸೇವ್ ಆಗೂದಕ್ಕ ಮೊದಲ ಪೆನ್‌ಡ್ರೈವ್ ಕಿತ್ತಾಕಿ ನಾನು. ಮಷಿನ್ ಹಚ್ಚಿದಾಕಿನೂ ನಾನ. ತಡೀರಿ ಅಂತ ಈಕಿ ಹೇಳಿ ಹೋಗಿದ್ದಳು. ಮಂದಿ ಮುಂದ ಬೈಸಿಕೊಂಡಾಕಿ ಅಷ್ಟ ಈಕಿ. ಆ ತೂತು ಮುಚ್ಚಿ ಮ್ಯಾಲ ಗೋಪುರ ಎಬ್ಬಿಸಿದಳಲ್ಲ, ಅದು ಈಕಿ ಕೆಲಸ. ಅದಕ್ಕ ರೇಟ ಹೇಳ್ರಿ."

ಫೋಟೊ ತೋರಿಸಿದೆ. ಮಾಲಕಿ ದೊಡ್ಡದು ಮಾಡಿ ಮಾಡಿ ನೋಡಿದಳು. ಚೌಕಾಸಿಯಲ್ಲಿ ಇಂಥ ಕೆಲವು ಮಾತು ಆಡಬೇಕಾಗುತ್ತದೆ. ನಾಹಿದಾ ನನ್ನ ಕಡೆ ತಿರುಗಿ ನೋಡುತ್ತಲೇ ಇದ್ದಳು; ನಾನು ಗೋಡೆಯ ಗಡಿಯಾರ ನೋಡಿದೆ.

ಡಿಸೈನಿಗೆ ನಾನೂರೈವತ್ತು, ತಿಂಗಳಿಗೆ ಕಡಿಮೆಯೆಂದರೆ ಇಪ್ಪತ್ತೈದು, ಅರ್ಧ ಮುಂಗಡ. ದುಡ್ಡು ಯಾವ ನಂಬರಿಗೆ ಹಾಕಲಿ ಎಂದಳು ಮಾಲಕಿ. ರೂಢಿಯಂತೆ ನಾನು "ತೊಂಬತ್ತೆಂಟು..." ಎಂದು ಶುರು ಮಾಡಿದ್ದೆ.

"ನಂದು ಬರಕೊಳ್ರಿ," ಎಂದಳು ನಾಹಿದಾ.

ಆಮೇಲೆ ಚಹಾ ಕುಡಿದೆವು.

ಬಸ್ಸಿನಲ್ಲಿ ಕಿಟಕಿಯ ಕಡೆ ನಾನು, ಪಕ್ಕಕ್ಕೆ ಅವಳು.

"ಅಮ್ಮಿ, ನಾನೂರೈವತ್ತು ಖರೇ ರೇಟ ಹೌದಲ್ರಿ?"

"ಖರೇನ. ಇನ್ನೊಂದು ಗಳಿಗಿ ಕುಂತಿದ್ರ ಐನೂರಕ್ಕ ಬರತಿದ್ದಳು."

"ಹಂಗಾರ ನಮ್ಮ ಅಂಗಡಿಗೂ ಅದ ರೇಟ ಹಿಡೀಲೇನ್ರಿ?"

ನವನಗರ ದಾಟುವವರೆಗೆ ನಮ್ಮ ತಿಂಗಳ ಡಿಸೈನುಗಳನ್ನು ನಾನೂರೈವತ್ತರಿಂದ ಗುಣಿಸಿದೆ.

"ನಾ ಮನಿಯಾಕಿ," ಎಂದೆ ಕೊನೆಗೆ.

"ಅದಕ್ಕ ಐವತ್ತು ಬಿಡತೇನ್ರಿ."

"ಇದನ್ನೆಲ್ಲ ಯಾರು ಕಲಿಸಿದ್ರು ನಿನಗ?"

"ಈಗ ಎರಡು ತಾಸು ಬಾಜೂಕ ಕುಂತಿದ್ನೆಲ್ಲರಿ."

ಎಂಥ ಮಾತು! ಬಸ್ಸು ತುಂಬ ಜನ. ಇಲ್ಲ ಎನ್ನಲು ಒಂದು ಲೆಕ್ಕವೂ ಸಿಗಲಿಲ್ಲ. ಒಂದೊಂದನ್ನೂ ನಾನೇ ಆ ಎಸಿ ಕೋಣೆಯಲ್ಲಿ ಸುರಿದು ಬಂದಿದ್ದೆ.

ಫೆಬ್ರವರಿ 12, ಗುರುವಾರ

ಯಾರಿಗೆ ಏನು ಸಿಕ್ಕಿತು, ಬರೆದು ಮುಗಿಸುತ್ತೇನೆ.

ಯಲ್ಲೇಶನಿಗೆ: ಧೂಳು, ವೈರಸ್, ಗಾಳಿ, ಚೂರು, ಕೂಲಿ ಸೇರಿ 6,700.

ಬೀರವ್ವನಿಗೆ: 1,500ರ ಕೆಲಸ ಪುಕ್ಕಟೆ, ಎರಡು ಗೋಪುರ. ಮದುವೆಯ ಬುತ್ತಿ ಅಂತ ನಿನ್ನೆ ಕರದಂಟು ಕಳಿಸಿದ್ದಾಳೆ. ಅದನ್ನು ಕಳೆಯುವುದಿಲ್ಲ.

ಧಾರವಾಡದ ಬಾಯಿಗೆ: ತಿಂಗಳಿಗೆ ಇಪ್ಪತ್ತೈದು ಡಿಸೈನು, 450ರಂತೆ.

ಅರಫಾತನಿಗೆ: ಏನೂ ಇಲ್ಲ. ಏನೂ ಹಾಕಿರಲೂ ಇಲ್ಲ.

ನಾಹಿದಾಗೆ: ಧಾರವಾಡದಿಂದ 11,250. ನಮ್ಮ ಅಂಗಡಿಯ ಇಪ್ಪತ್ತು ಡಿಸೈನಿಗೆ, 400ರಂತೆ, 8,000. ಒಟ್ಟು 19,250, ಅವಳ ನಂಬರಿಗೆ.

ನನಗೆ: ತಿಂಗಳಿಗೆ 8,000 ಹೊಸ ಖರ್ಚು. ಅರ್ಧ ಮುಂಗಡ ಕೇಳಿದಳು. ಬೆಳಿಗ್ಗೆ 4,000 ಹಾಕಿದೆ. ಒಂಬತ್ತಕ್ಕೆ ಬಂದು ಅಂಗಡಿಯ ಶಟರ್ ಅವಳೇ ಎತ್ತಿದಳು.